ಹೆಪ್ಪಿಲ್ಲದ ಊರು

ಹೆಗ್ಗನಹಳ್ಳಿ
೨೪-೪-೧೯೫೮

ಚಿ. ಸೌ. ನೀಲಳಿಗೆ,

ನಿನ್ನ ಅಕ್ಕ ವಿಮಲ ಮನಸಾರೆ ಹರಸಿ ಬರೆಯುತ್ತಿದ್ದೇನೆ. ನಾನು, ನಿನ್ನ ಭಾವ, ಕೊಟ್ಟಿಗೆಯ ಎಮ್ಮೆಗಳು, ಮೊನ್ನೆ ಹುಟ್ಟಿದ ಕರು ಎಲ್ಲರೂ ಚೆನ್ನಾಗಿದ್ದೇವೆ. ನಿನ್ನ ಕಡೆಯೂ ಹಾಗೆಯೇ ಇರಲಿ. ಚಿಕ್ಕವನಿಗೆ ಬಂದಿದ್ದ ಕೆಮ್ಮು ಬಿಟ್ಟಿತೇ? ಬಿಡದಿದ್ದರೆ ದೊಡ್ಡಪತ್ರೆ ಬಾಡಿಸಿ ರಸ ಹಿಂಡಿ ಕೊಡು, ಆ ಕಂಪೌಂಡರ್ ಕೊಡುವ ಕೆಂಪು ನೀರು ಬೇಡ.

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಮುನಿಸಿಕೊಂಡಿರುತ್ತೀಯ, ಗೊತ್ತು. ಕೆಂಗೇರಿ ಏನು ಕಾಶಿಯೇ, ಗಾಡಿ ಕಟ್ಟಿದರೆ ಮಧ್ಯಾಹ್ನದೊಳಗೆ ಬಂದು ಹೇಳಬಹುದಿತ್ತಲ್ಲ ಎನ್ನುತ್ತೀಯ. ಬರಬಹುದಿತ್ತು ಕಣೇ. ಆದರೆ ನಾನು ಬಾಯಿ ತೆರೆಯುವಷ್ಟರಲ್ಲಿ ನಿನ್ನ ಯಜಮಾನರು ನಡುವೆ ಒಂದು ಮಾತು ಎಸೆಯುತ್ತಾರೆ, ನನಗೆ ರೇಗುತ್ತದೆ, ಆಮೇಲೆ ಹೇಳಬೇಕಾದದ್ದು ಅಲ್ಲೇ ಉಳಿಯುತ್ತದೆ. ಅಪ್ಪ ಊರವರ ಬಾಯಿಗೆಲ್ಲ ಬಿದ್ದು ಹೆಣ್ಣುಮಕ್ಕಳಿಬ್ಬರನ್ನೂ ಕೂಲಿಮಠಕ್ಕೆ ಕಳಿಸಿದ್ದಕ್ಕೆ ಇವತ್ತಾದರೂ ಉಪಯೋಗವಾಗಲಿ ಎಂದು ಬರೆಯಲು ಕೂತಿದ್ದೇನೆ.

ಏಕಾಂತಯ್ಯನವರು ಬರುವ ತಿಂಗಳು ನಿಮ್ಮೂರಿಗೆ ಬಂದು ಬಡಮಕ್ಕಳಿಗಾಗಿ ನಡೆಸುವ ಹಾಲಿನ ಮನೆಗೆ ಹಾಲು ಕೇಳುತ್ತಾರಂತೆ. 'ನಿಮ್ಮಕ್ಕನ ಊರ್ನೋರು ಹೋದ್ ವರ್ಷದಿಂದ ಕೊಡ್ತಾ ಅವ್ರಲ್ಲ, ಕೇಳಿ ಹೇಳವ್ವ' ಎಂದು ಹೆಂಗಸರೆಲ್ಲ ನಿನ್ನ ಹಿಂದೆ ಬಿದ್ದಿದ್ದಾರಂತೆ. ನಿನ್ನ ಯಜಮಾನರು ಮಾತ್ರ 'ನಾಟಕದವನ ಕಣ್ಣೀರು ನಂಬಬೇಡಿ, ಅದೆಲ್ಲ ಹೆಸರಿಗೆ' ಎನ್ನುತ್ತಾರಂತೆ. ಕೊನೆಗೆ ನೀನು, 'ಅಕ್ಕಾ, ಆ ಮನುಷ್ಯನಿಂದ ನಿಜವಾಗಿ ಒಳ್ಳೆಯದಾಗುತ್ತಿದೆಯೋ ಇಲ್ಲವೋ, ಎರಡರಲ್ಲೊಂದು ಬರೆ' ಎಂದು ಬರೆದಿದ್ದೀಯ. ಎರಡರಲ್ಲೊಂದು! ನೀನು ಚಿಕ್ಕಂದಿನಿಂದಲೂ ಹೀಗೆಯೇ.

ಮೊದಲು ಕಣ್ಣೀರಿನ ವಿಷಯ ಮುಗಿಸಿಬಿಡುತ್ತೇನೆ. ಅವರು ಅಳುವುದು ನಿಜ ಕಣೇ. ಹೋದ ಬೇಸಿಗೆಯಲ್ಲಿ ನಮ್ಮೂರ ಅರಳಿಕಟ್ಟೆಗೆ ಬಂದಾಗ ನಾನೂ ನಿನ್ನ ಯಜಮಾನರ ಹಾಗೆ ಮೂಗು ಮುರಿದುಕೊಂಡೇ ಹೋಗಿದ್ದೆ. ಮೈಸೂರು ಸೀಮೆಯಲ್ಲೆಲ್ಲ ರಾಜನ ಪಾರ್ಟಿಗೆ ಹೆಸರಾದ ಮನುಷ್ಯ, ಎಷ್ಟು ಊರಲ್ಲಿ ಎಷ್ಟು ಜನರನ್ನು ಅಳಿಸಿರಬಹುದು, ನಮ್ಮನ್ನು ಅಳಿಸುವುದು ಯಾವ ಮಹಾ ಎಂದುಕೊಂಡಿದ್ದೆ. ಅವರು ಭಾಷಣವನ್ನೇ ಮಾಡಲಿಲ್ಲ. ರಾಜಾಜಿನಗರದಲ್ಲಿ ಹೊಸ ಕಾರ್ಖಾನೆಗಳು ಎದ್ದಿವೆಯಲ್ಲ, ಅವುಗಳ ಹಿಂದೆ ಗುಡಿಸಲು ಸಾಲು. ಅಲ್ಲಿಯ ಮಕ್ಕಳು ಏನು ತಿನ್ನುತ್ತವೆ, ಬೆಳಗ್ಗೆ ತಾಯಂದಿರು ಕೆಲಸಕ್ಕೆ ಹೋದಮೇಲೆ ಹೇಗೆ ಬಾಗಿಲಲ್ಲಿ ಕೂತಿರುತ್ತವೆ ಎಂದು ಹೇಳತೊಡಗಿದರು. ಒಂದು ಮಗು ಹಸಿವಿಗೆ ಗೋಡೆಯ ಮಣ್ಣು ಕೆರೆದು ತಿನ್ನುತ್ತಿದ್ದದ್ದನ್ನು ಹೇಳುವಾಗ ಆ ದೊಡ್ಡ ಗಂಟಲು ಕಟ್ಟಿಹೋಯಿತು. ಮೂಗು ಸುರಿಯಿತು, ಮುಖ ಸೊಟ್ಟಗಾಯಿತು. ರಂಗದ ಮೇಲೆ ಯಾರೂ ಹಾಗೆ ಅಳುವುದಿಲ್ಲ, ನೋಡಲು ಚೆನ್ನಾಗಿರುವುದಿಲ್ಲ.

ನಿನ್ನ ಭಾವ ಅಲ್ಲೇ ಎದ್ದು ನಿಂತು ಕೈ ಮುಗಿದು, 'ನಮ್ಮ ಮನೆ ಹಾಲು ನಿಮ್ದು ಸ್ವಾಮಿ' ಎಂದುಬಿಟ್ಟರು. ನನ್ನನ್ನು ಒಂದು ಮಾತು ಕೇಳಲಿಲ್ಲ. ಮನೆಗೆ ಬಂದಮೇಲೆ ಸರಿಯಾಗಿ ಕೇಳಿಸಿಕೊಂಡರು, ಬಿಡು.

ಆಮೇಲೆ ನಾನೇ ರಾಜಾಜಿನಗರಕ್ಕೆ ಹೋಗಿ ನೋಡಿ ಬಂದೆ. ತಗಡಿನ ಚಪ್ಪರ, ಸಗಣಿ ಸಾರಿಸಿದ ನೆಲ, ಸಾಲಾಗಿ ಕೂತ ಮಕ್ಕಳು. ಮುಚ್ಚಿಹೋದ ಅವರ ನಾಟಕ ಕಂಪನಿಯ ಕಲಾವಿದರೇ ಅಲ್ಲಿಯ ಆಳುಗಳು. ಹಾರ್ಮೋನಿಯಂ ಬಾರಿಸುತ್ತಿದ್ದ ಪುರುಷೋತ್ತಮ ಅನ್ನುವವರು ಸೈಕಲ್ಲಿನ ಎರಡೂ ಕಡೆ ಕ್ಯಾನು ಕಟ್ಟಿಕೊಂಡು ಊರೂರಿಂದ ಹಾಲು ತರುತ್ತಾರೆ. ರಾಣಿಯ ಪಾರ್ಟು ಮಾಡುತ್ತಿದ್ದ ಮುದುಕರೊಬ್ಬರು ಹಾಲು ಕಾಯಿಸುತ್ತಾರೆ, ಸೌಟು ತಿರುಗಿಸುವಾಗಲೂ ಬೆರಳಿನ ಒನಪು ಹೋಗಿಲ್ಲ. ಏಕಾಂತಯ್ಯನವರು ಪಂಚೆ ಎತ್ತಿಕಟ್ಟಿ ಕಲ್ಲಿನ ಮೇಲೆ ಕೂತು ಬೂದಿ ಹಾಕಿ ಲೋಟ ಉಜ್ಜುತ್ತಿದ್ದರು. ನೋಡುವವರು ಯಾರೂ ಇರಲಿಲ್ಲ, ನಾನು ಬರುತ್ತೇನೆ ಎಂದು ಅವರಿಗೇನು ಕನಸು ಬಿದ್ದಿತ್ತೇ? ಒಂದು ಹುಡುಗಿಯ ಮೂಗನ್ನು ತಮ್ಮ ಪಂಚೆಯ ಚುಂಗಿನಿಂದಲೇ ಒರೆಸಿದರು.

ಅಲ್ಲಿ ಯಾವ ಮಗು ಯಾವ ಜಾತಿ ಎಂದು ಕೇಳುವುದಿಲ್ಲ ನೀಲಾ. ಒಂದೇ ಸಾಲು, ಒಂದೇ ಸೌಟು. ಮೊದಲ ಸಲ ನೋಡಿದಾಗ ನನಗೆ ಒಂಥರಾ ಕಸಿವಿಸಿಯಾಯಿತು, ಸುಳ್ಳು ಯಾಕೆ ಹೇಳಲಿ. ಎರಡನೆಯ ಸಲ ಹೋದಾಗ ಆಗಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಅದೇ ಮಕ್ಕಳ ಕೆನ್ನೆ ತುಂಬಿಕೊಂಡು, ಹೊಟ್ಟೆಯ ಉಬ್ಬರ ಇಳಿದು, ಒಂದನ್ನೊಂದು ಅಟ್ಟಿಸಿಕೊಂಡು ಓಡುತ್ತಿದ್ದವು. ಇದು ಯಾರ ಬಾಯಿಂದಲೋ ಕೇಳಿದ್ದಲ್ಲ, ನನ್ನ ಕಣ್ಣಾರೆ ಕಂಡದ್ದು. ಆದ್ದರಿಂದ ನಿನ್ನ ಯಜಮಾನರಿಗೆ ಹೇಳು, ಹೆಸರಿಗಾಗಿ ಮಾಡುವವರು ಬೆಳಗಾಗೆದ್ದು ಎಂಜಲು ಲೋಟ ತೊಳೆಯುವುದಿಲ್ಲ ಎಂದು.

ಇಷ್ಟಕ್ಕೇ ನಿಲ್ಲಿಸಿದ್ದರೆ ನನ್ನ ಕಾಗದ ಯಾವತ್ತೋ ನಿನ್ನ ಕೈಗೆ ಸೇರುತ್ತಿತ್ತು. ಇನ್ನು ನಾವು ಮಾಡಿಕೊಂಡ ಪೆದ್ದತನ ಕೇಳು.

ಮೊದಮೊದಲು ಊರಿನ ಪ್ರತಿ ಮನೆಯವರೂ ಕರೆದದ್ದರಲ್ಲಿ ಅರ್ಧ ಕೊಡುತ್ತಿದ್ದೆವು. ಅವರು ಬಿಟ್ಟಿ ಕೇಳುತ್ತಿರಲಿಲ್ಲ, ಸರಿಯಾದ ಬೆಲೆಯನ್ನೇ ಕೊಡುತ್ತಿದ್ದರು. ಆದರೆ ಬೆಲೆಗಿಂತ ಹೆಚ್ಚಾಗಿ ನಮಗೆ ಹಮ್ಮು ಹತ್ತಿತು. ಹಾಲಿನ ಮನೆಯ ಗೋಡೆಯ ಮೇಲೆ 'ಹೆಗ್ಗನಹಳ್ಳಿ ತಾಯಂದಿರ ಹಾಲು' ಎಂದು ದಪ್ಪ ಅಕ್ಷರದಲ್ಲಿ ಬರೆಸಿದರು. ಅದನ್ನು ನೋಡಿ ಬಂದಮೇಲೆ ನಮ್ಮ ಹೆಂಗಸರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಪಕ್ಕದ ಮನೆ ಚಿಕ್ಕಲಕ್ಷ್ಮಮ್ಮ ಕ್ಯಾನಿನ ಕತ್ತಿನವರೆಗೆ ಸುರಿದರೆ ನಾನು ತುಳುಕುವ ಹಾಗೆ ಸುರಿದೆ. ನಾನು ತುಳುಕಿಸಿದ್ದು ನೋಡಿ ಅವಳು ಸಾಯಂಕಾಲದ ಹಾಲನ್ನೂ ಕಳಿಸಿದಳು. ಹೀಗೆ ಜಿದ್ದಿಗೆ ಬಿದ್ದು, ದೀಪಾವಳಿಯ ಹೊತ್ತಿಗೆ ಕಾಫಿಗೊಂದಿಷ್ಟು ಬಿಟ್ಟು ಊರಿನ ಹಾಲೆಲ್ಲ ಮಾಗಡಿ ರಸ್ತೆ ಹಿಡಿದು ಹೊರಟಿತು. ಕಡೆಗೋಲು ತೊಳೆದು ಅಟ್ಟಕ್ಕೆ ಸೇರಿಸಿದೆ. ನಿನ್ನ ಭಾವ ಮುದ್ದೆಯ ಮೇಲೆ ಮಜ್ಜಿಗೆಯಿಲ್ಲವೆಂದು ಗೊಣಗಿದರು. 'ಹಾಲು ನಿಮ್ದು ಸ್ವಾಮಿ ಅಂದೋರು ಯಾರು?' ಎಂದು ಕೇಳಿದೆ.

ಯುಗಾದಿಗೆ ಬೀಗರು ಬರುವವರಿದ್ದರು. ಹಬ್ಬದ ಊಟಕ್ಕೆ ಮೊಸರಿಲ್ಲದಿದ್ದರೆ ಮಾನ ಹೋಗುತ್ತದಲ್ಲ, ಹಿಂದಿನ ದಿನದ ಹಾಲು ಇಟ್ಟುಕೊಂಡು ಕಾಯಿಸಿ ಆರಿಸಿದೆ. ಹೆಪ್ಪು ಹಾಕೋಣ ಎಂದು ನೋಡಿದರೆ ಮನೆಯಲ್ಲಿ ಒಂದು ತೊಟ್ಟು ಮೊಸರಿಲ್ಲ. ಚಿಪ್ಪು ಹಿಡಿದುಕೊಂಡು ಚಿಕ್ಕಲಕ್ಷ್ಮಮ್ಮನ ಮನೆಗೆ ಹೋದೆ. 'ಅಯ್ಯೋ, ನಾನೇ ನಿಮ್ಮನೇಗ್ ಬರೋಣ ಅಂತಿದ್ದೆ ಕಣಕ್ಕಾ' ಎಂದಳು. ಇಬ್ಬರೂ ಸೇರಿ ಮೇಲಿನ ಬೀದಿಗೆ ಹೋದೆವು, ಇಲ್ಲ. ಕೆಳಗಿನ ಬೀದಿ, ಇಲ್ಲ. ಪಟೇಲರ ಮನೆ, ಅಲ್ಲೂ ಇಲ್ಲ. ಹೋದ ಮನೆಯವರೆಲ್ಲ ನಮ್ಮ ಹಿಂದೆಯೇ ಚಿಪ್ಪು ಹಿಡಿದು ಹೊರಟರು. ಕೊನೆಗೆ ಬೀದಿಯ ತುದಿಯಲ್ಲಿ ಒಂದು ಹಿಂಡು ಹೆಂಗಸರು ಬರಿಯ ಚಿಪ್ಪು ಹಿಡಿದು ಒಬ್ಬರ ಮುಖ ಒಬ್ಬರು ನೋಡುತ್ತಾ ನಿಂತೆವು. ಮೊದಲು ನಗು ಬಂತು, ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಮೇಲೆ ಯಾರೋ ಮುದುಕಿ, 'ನಗ್ತೀರೇನ್ರೇ? ಊರಲ್ಲಿ ಹೆಪ್ಪಿಲ್ಲ ಅಂದ್ರೆ ಏನು ಅಂತ ಗೊತ್ತೇನ್ರೇ?' ಎಂದಾಗ ಒಬ್ಬೊಬ್ಬರೇ ಚಿಪ್ಪು ಸೆರಗಿನಲ್ಲಿ ಮುಚ್ಚಿಕೊಂಡು ಮನೆಗೆ ಹೊರಟೆವು.

ಹುಣಸೆಹಣ್ಣು ಹಾಕಬಹುದಿತ್ತು, ಮೆಣಸಿನಕಾಯಿ ತೊಟ್ಟು ಹಾಕಬಹುದಿತ್ತು ಎನ್ನುತ್ತೀಯ. ಹಾಕಿದೆ. ಒಡೆದ ಹಾಲಿನಂಥದ್ದೇನೋ ಆಯಿತು. ನಮ್ಮತ್ತೆ ನನಗೆ ಈ ಮನೆಯ ಹೆಪ್ಪು ಒಪ್ಪಿಸಿ ಸತ್ತವರು. ಅದು ಅವರ ಅತ್ತೆಯಿಂದ ಬಂದದ್ದು. ಒಂದು ದಿನ ತಪ್ಪಿದರೆ ನೆರೆಮನೆಯಲ್ಲಿರುತ್ತದೆ ಎಂಬ ಧೈರ್ಯದ ಮೇಲೆ ಎಲ್ಲರೂ ಬಿಟ್ಟೆವು, ಯಾರ ಮನೆಯಲ್ಲೂ ಉಳಿಯಲಿಲ್ಲ.

ಹಬ್ಬದ ದಿನ ರಾತ್ರಿ ಹಾಸಿಗೆಯಲ್ಲಿ ಪಾಪಮ್ಮನ ನೆನಪಾಗಿ ಎದ್ದು ಕೂತೆ. ನೀನು ನೋಡಿದ್ದೀಯ ಅವಳನ್ನು, ಕೂಲಿ ಬೈರಯ್ಯನ ಹೆಂಡತಿ, ಎತ್ತರಕ್ಕೆ ಇದ್ದಾಳಲ್ಲ, ನೀನು ಬಂದಾಗ ಹೊನಗೊನೆ ಸೊಪ್ಪು ತಂದುಕೊಡುತ್ತಿದ್ದಳು. ನಾನು ಮದುವೆಯಾಗಿ ಬಂದಾಗಿನಿಂದ, ಕಡೆದ ದಿನವೆಲ್ಲ ಅವಳು ಗಡಿಗೆ ತಂದು ಹಿತ್ತಲ ಬಾಗಿಲಲ್ಲಿ ನಿಲ್ಲುತ್ತಿದ್ದಳು. ಅವಳಂಥವರು ನಾಲ್ಕಾರು ಜನ ಬರುತ್ತಿದ್ದರು. ಹಾಲು ಮಾರುತ್ತೇವೆ, ಬೆಣ್ಣೆ ಮಾರುತ್ತೇವೆ, ಮಜ್ಜಿಗೆ ಮಾರುವುದು ನಮ್ಮಲ್ಲಿ ಇಲ್ಲವಲ್ಲ. ಕೇಳಿದವರ ಗಡಿಗೆಗೆ ಸುರಿಯುತ್ತೇವೆ, ಅಷ್ಟೇ. ಕೊಟ್ಟೆ ಎಂದು ನನಗೂ ಅನ್ನಿಸಿಲ್ಲ, ಇಸಕೊಂಡೆ ಎಂದು ಅವಳಿಗೂ ಅನ್ನಿಸಿಲ್ಲ. ಒಗೆಯುವ ಕಲ್ಲಿನ ಮೇಲೆ ಕೂತು ಊರ ಸುದ್ದಿಯೆಲ್ಲ ಹೇಳಿ ನಗಿಸಿ ಹೋಗುತ್ತಿದ್ದಳು. ಹೊಸ್ತಿಲು ದಾಟಿ ಒಳಗೆ ಮಾತ್ರ ಬರುತ್ತಿರಲಿಲ್ಲ, ನಾನೂ ಕರೆಯುತ್ತಿರಲಿಲ್ಲ. ಏಕಾಂತಯ್ಯನವರ ಒಂದೇ ಸಾಲನ್ನು ನೋಡಿ ಬಂದವಳು ನಾನು, ಇದನ್ನೂ ಬರೆಯದಿದ್ದರೆ ತಪ್ಪಾಗುತ್ತದೆ.

ಕಡೆಯುವುದು ನಿಂತಮೇಲೆ ಅವಳು ಬರುವುದೂ ನಿಂತಿತ್ತು. ತಿಂಗಳುಗಟ್ಟಲೆ ಬರದಿದ್ದರೂ ನನಗೆ ಹೊಳೆಯಲಿಲ್ಲ ನೋಡು! ಹಾಲಿನ ಮನೆಯ ಮಕ್ಕಳ ಕೆನ್ನೆಯ ಯೋಚನೆಯಲ್ಲೇ ಇದ್ದೆ.

ಬೆಳಗಾಗುತ್ತಲೇ ಒಂದು ಚೆಂಬು ಹಾಲು ಸೆರಗಿನಲ್ಲಿ ಮುಚ್ಚಿಕೊಂಡು ಅವಳ ಗುಡಿಸಲಿಗೆ ಹೋದೆ. ಅವಳ ಕೊನೆಯ ಮಗಳು ಇಂದ್ರಿ ಬಾಗಿಲಲ್ಲಿ ಕೂತಿತ್ತು. ಬಾಯಿಯ ಎರಡೂ ಮೂಲೆ ಬಿರಿದು ಹುಣ್ಣಾಗಿ, ನಾಲಿಗೆ ಕೆಂಪಗೆ ಸುಲಿದಿತ್ತು. ಮುದ್ದೆಯನ್ನು ಖಾರದ ನೀರಿನಲ್ಲಿ ಅದ್ದಿ ಕೊಟ್ಟರೆ ಉರಿ ತಾಳದೆ ಉಗುಳುತ್ತದಂತೆ. ಚೆಂಬು ಮುಂದೆ ಹಿಡಿದೆ.

'ಬೇಡ ಕಣಕ್ಕಾ' ಎಂದಳು ಪಾಪಮ್ಮ.

'ಮಗೀಗ್ ಕಣೇ. ತಗೋ.'

'ಮಜ್ಗೆ ಇದ್ರೆ ಕೊಡಿ, ಗಡಿಗೆ ತತ್ತೀನಿ. ಹಾಲ್ ಇಸ್ಕೊಳಾಕಿಲ್ಲ. ಅದು ಮಾರೋ ಪದಾರ್ಥ. ಅದ್ನ ಬಿಟ್ಟಿ ಇಸ್ಕೊಂಡ್ರೆ ನಮ್ಮೋರು ನನ್ನ ಮನೇಲಿ ಇಟ್ಕೊಂಡಾರಾ?'

ಬೈದೆ, ಬೇಡಿಕೊಂಡೆ, ಮಗುವಿನ ಮೇಲೆ ಆಣೆ ಇಟ್ಟೆ. ಅವಳು ನಗುನಗುತ್ತಲೇ ಚೆಂಬಿನ ಬಾಯಿಗೆ ನನ್ನ ಸೆರಗನ್ನು ಮತ್ತೆ ಮುಚ್ಚಿ ಕಳಿಸಿದಳು.

ಅಲ್ಲಿಂದ ನೆಟ್ಟಗೆ ರಾಜಾಜಿನಗರಕ್ಕೆ ನಡೆದೆ. ಬಿಸಿಲು ತಲೆಗೇರಿತ್ತು, ಸಿಟ್ಟು ಅದಕ್ಕಿಂತ ಮೇಲೇರಿತ್ತು. ಏಕಾಂತಯ್ಯನವರು ಒಲೆಯ ಮುಂದಿದ್ದರು. 'ಸ್ವಾಮಿ, ನಿಮ್ಮ ಮಕ್ಕಳ ಬಾಯಿಗೆ ಹಾಕ್ತಾ ಇರೋದು ನಮ್ಮೂರ ಮಕ್ಕಳ ಬಾಯಿಂದ ಕಿತ್ತಿದ್ದು' ಎಂದೆ. ಪಕ್ಕದಲ್ಲಿ ರಾಣಿ ಪಾರ್ಟಿನ ಮುದುಕರು ಸೌಟು ಕೆಳಗಿಟ್ಟುಬಿಟ್ಟರು. ಹೆಪ್ಪಿನ ಕಥೆ ಹೇಳಿದೆ, ಮಜ್ಜಿಗೆಯ ಕಥೆ ಹೇಳಿದೆ, ಪಾಪಮ್ಮನ ಮಗಳ ಬಾಯಿಯ ಕಥೆ ಹೇಳಿದೆ. ಹೆಪ್ಪಿನ ಮಾತಿಗೆ ಮೊದಲು ನಕ್ಕರು, ಆಮೇಲೆ ಆ ನಗು ಮುಖದಲ್ಲಿ ನಿಲ್ಲಲಿಲ್ಲ. ನಾನು ಮುಗಿಸುವವರೆಗೂ ಒಂದೇ ಒಂದು ಅಡ್ಡಮಾತು ಆಡಲಿಲ್ಲ. ಅಷ್ಟು ದೊಡ್ಡ ಮನುಷ್ಯ, ಮಂತ್ರಿಗಳೇ ಬಂದು ಹಾರ ಹಾಕುವವರು, ಹಳ್ಳಿ ಹೆಂಗಸಿನ ಬೈಗುಳಕ್ಕೆ ತಲೆ ತಗ್ಗಿಸಿ ನಿಂತಿದ್ದರು.

'ತಾಯೀ,' ಎಂದರು, 'ರಂಗದ ಮೇಲೆ ಎಷ್ಟೋ ದಾನ ಮಾಡಿದೀನಿ. ಅಲ್ಲಿ ತಗೊಳ್ಳೋನ ಮುಖ ಮಾತ್ರ ಕಾಣ್ತಾ ಇತ್ತು. ಆ ದಾನ ಯಾರ ಮನೆಯಿಂದ ಬಂತು ಅನ್ನೋದು ಕಥೇಲೇ ಇರ್ತಿರ್ಲಿಲ್ಲ. ನಿಮ್ಮೂರ ಅರ್ಧ ಹಾಲು ನಾಳೆಯಿಂದ ನಿಮ್ಮೂರಲ್ಲೇ ಉಳೀಲಿ.'

'ಹಂಗಾದ್ರೆ ಇಲ್ಲಿ ಮಕ್ಕಳಿಗೆ?' ಎಂದೆ. ಅವು ಆಗಲೇ ಲೋಟ ಹಿಡಿದು ಕೂತಿದ್ದವು.

'ನೀರು ಬೆರೆಸೋ ಕೆಲಸ ನನ್ನ ಕೈಲಾಗಲ್ಲ. ಬೇರೆ ಊರು ಹುಡುಕ್ತೀನಿ' ಎಂದರು. ಅವರು ಹುಡುಕಿದ ಊರು ನಿಮ್ಮದೇ ಕಣೇ. ನಾನು ಬೈದು ಬಂದದ್ದರಿಂದಲೇ ಅವರು ನಿನ್ನ ಬಾಗಿಲಿಗೆ ಬರುತ್ತಿದ್ದಾರೆ.

ಕೈಲಿರುವ ಕೆಲಸವನ್ನು ಅಲ್ಲಿಗೇ ಬಿಡುವ ಪೈಕಿಯಲ್ಲ ಅವರು. ಎರಡು ದಿನ ಬಿಟ್ಟು ಬೆಳಗ್ಗೆ ಲೋಟಗಳ ಬುಟ್ಟಿ ಹೊರಿಸಿಕೊಂಡು ತಾವೇ ನಮ್ಮೂರಿಗೆ ಬಂದರು. ಅರಳಿಕಟ್ಟೆಯ ಮುಂದೆ ಹಾಲು ಕಾಯಿಸಿದರು. 'ಹೆಗ್ಗನಹಳ್ಳಿಯ ಮಕ್ಕಳೂ ನನ್ನ ಮಕ್ಕಳೇ, ಬನ್ನಿ' ಎಂದು ಕರೆದರು. ಊರೆಲ್ಲ ನೋಡಲು ಬಂದಿತ್ತು. ಕುಡಿಯಲು ಯಾರೂ ಮುಂದೆ ಬರಲಿಲ್ಲ. ಹುಟ್ಟಿದ ಊರಿನಲ್ಲಿ ಗುರುತಿನವರೆಲ್ಲ ನೋಡುತ್ತಿರುವಾಗ ಲೋಟ ಹಿಡಿದು ನಿಲ್ಲುವುದು ಹೇಗೆ? ಬೈರಯ್ಯ ದೂರದಲ್ಲಿ ಹೆಗಲ ಮೇಲೆ ಇಂದ್ರಿಯನ್ನು ಕೂರಿಸಿಕೊಂಡು ನಿಂತಿದ್ದ, ನಾಟಕದವರನ್ನು ನೋಡುವ ಆಸೆ ಅವನಿಗೂ ಇರುವುದಿಲ್ಲವೇ?

ಏಕಾಂತಯ್ಯನವರು ಮಗುವಿನ ಬಾಯಿ ನೋಡಿದರು. ನಾನು ಹೇಳಿದ ಮಗು ಇದೇ ಎಂದು ಗೊತ್ತಾಯಿತು. ದಾಪುಗಾಲು ಹಾಕಿ ಹೋಗಿ ಬೈರಯ್ಯನ ಹೆಗಲಿನಿಂದ ಅದನ್ನು ಎತ್ತಿಕೊಂಡರು, ಕಟ್ಟೆಯ ಮೇಲೆ ಹತ್ತಿ ನಿಂತರು. ಆ ಗಂಟಲು ನೀನು ಕೇಳಿಲ್ಲ ನೀಲಾ. 'ತಾಯಂದಿರೇ! ಈ ಮಗುವಿನ ಬಾಯಿ ನೋಡಿ! ನಾನೂ ನೀವೂ ಸೇರಿ ಮಾಡಿದ ಹುಣ್ಣು ಇದು!' ಎಂದು ಕೂಗಿದರು. ಮಗುವಿನ ಗಲ್ಲ ಹಿಡಿದು ನಾಲ್ಕೂ ಕಡೆ ತಿರುಗಿಸಿ ತೋರಿಸಿದರು. ಅವರ ಕಣ್ಣಿಂದ ನೀರು ಸುರಿಯುತ್ತಿತ್ತು, ನೋಡುತ್ತಿದ್ದವರ ಕಣ್ಣಿಂದಲೂ ಸುರಿಯಿತು. ಚಿಕ್ಕಲಕ್ಷ್ಮಮ್ಮ ಬಾಯಿ ಬಡಿದುಕೊಂಡು ಅತ್ತಳು. ನಾನೂ ಅತ್ತೆ. ಇಂದ್ರಿ ಮಾತ್ರ ಎರಡೂ ಕೈಯಿಂದ ಬಾಯಿ ಮುಚ್ಚಿಕೊಳ್ಳಲು ನೋಡುತ್ತಿತ್ತು.

ಅವರ ಮಾತಿಗೆ ಊರು ಎದ್ದು ಕೂತಿತು, ಅದು ಖಂಡಿತ. ಸಾಯಂಕಾಲದೊಳಗೆ ಸುಂಕದಕಟ್ಟೆಯಿಂದ ಹೆಪ್ಪು ತರಿಸಿ ಪ್ರತಿ ಮನೆಯಲ್ಲೂ ಗಡಿಗೆ ತುಂಬ ಹೆಪ್ಪು ಹಾಕಿದೆವು. ಮರುದಿನ ಬೆಳಗ್ಗೆ ಇಡೀ ಬೀದಿಯಲ್ಲಿ ಕಡೆಗೋಲಿನ ಸದ್ದು. ನಾನು ಮಜ್ಜಿಗೆ ಕಡೆದು ಹಿತ್ತಲ ಬಾಗಿಲು ತೆರೆದಿಟ್ಟು ಕಾದೆ. ಬಿಸಿಲೇರಿತು, ಬೇರೆಯವರೆಲ್ಲ ಬಂದು ಹೋದರು, ಪಾಪಮ್ಮ ಬರಲಿಲ್ಲ. ಕೊನೆಗೆ ನಾನೇ ಗಡಿಗೆ ಎತ್ತಿಕೊಂಡು ಹೋದೆ. ಗುಡಿಸಲಿನ ತಟ್ಟಿಬಾಗಿಲಿಗೆ ಹಗ್ಗ ಬಿಗಿದಿತ್ತು. ಬೆಳಕು ಹರಿಯುವ ಮುಂಚೆಯೇ ಪಾತ್ರೆಪಡಗ ಹೊತ್ತುಕೊಂಡು ಗಂಡ, ಹೆಂಡತಿ, ಮಕ್ಕಳು ಹೊರಟುಹೋದರಂತೆ. ದಾರಿಯಲ್ಲಿ ಸಿಕ್ಕವರಿಗೆ ಬೈರಯ್ಯ, 'ನನ್ ಮಗಳ ಬಾಯ್ನ ಊರೆಲ್ಲ ನೋಡ್ತು. ಇನ್ನ ಯಾವ ಮುಖ ಇಟ್ಕೊಂಡ್ ಇಲ್ಲಿ ಕೂಲಿಗ್ ಹೋಗ್ಲಿ?' ಎಂದನಂತೆ. ರಾಜಾಜಿನಗರದಲ್ಲಿ ಮನೆ ಕಟ್ಟುವ ಕಡೆ ಕಲ್ಲು ಹೊರುವ ಕೆಲಸ ಸಿಗುತ್ತದೆಂದು ಅತ್ತ ಹೋದರಂತೆ.

ಏಕಾಂತಯ್ಯನವರಿಗೆ ಪುರುಷೋತ್ತಮರ ಕೈಲಿ ಹೇಳಿ ಕಳಿಸಿದೆ. ಆ ಮನುಷ್ಯ ಒಂದು ಹೊತ್ತು ಊಟ ಬಿಟ್ಟು ಗುಡಿಸಲುಗಳ ಸಾಲೆಲ್ಲ ಹುಡುಕಿಸಿದರಂತೆ. ಬೈರಯ್ಯ ಎನ್ನುವ ಹೆಸರಿನವರು ಆ ಕಡೆ ಎಷ್ಟು ಜನವೋ, ಸಿಗಲಿಲ್ಲ.

ಈಗ ನಿನ್ನ ಪ್ರಶ್ನೆಗೆ ಉತ್ತರ. ಒಳ್ಳೆಯದಾಗುತ್ತಿದೆ ನೀಲಾ. ಅವರಂಥವರು ನೂರಾರು ವರ್ಷಕ್ಕೊಬ್ಬರು ಹುಟ್ಟುತ್ತಾರೋ ಇಲ್ಲವೋ. ಅವರು ಬಾಗಿಲಿಗೆ ಬಂದಾಗ ನೀನು ಕಾಲಿಗೆ ನೀರು ಕೊಡು, ಹಾಲು ಕೊಡು. ಆದರೆ ಒಂದು ಗಡಿಗೆ ಹೆಪ್ಪು ಹಾಕಿಟ್ಟು ಮಿಕ್ಕದ್ದನ್ನು ಕೊಡು. ನಿಮ್ಮೂರ ಹೆಂಗಸರಿಗೆಲ್ಲ ಇದನ್ನೇ ಹೇಳು. ಜಿದ್ದಿಗೆ ಮಾತ್ರ ಬೀಳಬೇಡಿ. ನಿಮ್ಮ ಹಿತ್ತಲ ಬಾಗಿಲಿಗೆ ಯಾರ್ಯಾರು ಬರುತ್ತಾರೆ ಎಂದು ದಿನಾ ನೋಡಿಕೊಳ್ಳಿ. ಯಾರು ಬರಲಿಲ್ಲ ಎಂಬುದನ್ನಂತೂ ಮರೆಯದೆ ನೋಡಿಕೊಳ್ಳಿ. ಯಾವ ಮನೆಯ ಕಷ್ಟವನ್ನೂ ಹೆಸರು ಹಿಡಿದು ಅವರ ಹತ್ತಿರ ಹೇಳಬೇಡ. ಅವರದು ತುಂಬಿದ ಎದೆ, ತುಂಬಿದ ಗಂಟಲು, ಅವರಿಗೆ ಏನನ್ನೂ ಮೆಲ್ಲಗೆ ಹೇಳಲು ಬರುವುದಿಲ್ಲ. ಇಷ್ಟೇ ಅವರಲ್ಲಿರುವ ಕೊರತೆ.

ಹೋದ ಭಾನುವಾರ ಹಾಲಿನ ಮನೆಗೆ ವರ್ಷ ತುಂಬಿತೆಂದು ಚಪ್ಪರ ಹಾಕಿ ತೋರಣ ಕಟ್ಟಿದ್ದರು. ನಾನೂ ಹೋಗಿದ್ದೆ. ಎಲ್ಲ ಚೆನ್ನಾಗಿ ನಡೆಯಿತು.

ಮಕ್ಕಳಿಗೆ ನನ್ನ ಮುತ್ತು, ನಿನ್ನ ಯಜಮಾನರಿಗೆ ನಮಸ್ಕಾರ, ಬೈದದ್ದನ್ನು ಓದಿ ಹೇಳಬೇಡ. ನಿನ್ನ ಕೊಟ್ಟಿಗೆ ತುಂಬಿರಲಿ, ಒಲೆ ಆರದಿರಲಿ, ಮುತ್ತೈದೆಯಾಗಿ ನೂರು ಕಾಲ ಬಾಳು.

ನಿನ್ನ ಅಕ್ಕ,
ವಿಮಲ

ಮರೆತ ಮಾತು: ಮರೆತದ್ದಲ್ಲ. ಎಲ್ಲ ಚೆನ್ನಾಗಿ ನಡೆಯಿತು ಎಂದು ಬರೆದು ಕಾಗದ ಮಡಿಸಿದೆ, ಅಂಟಿಸಲು ಕೈ ಬರಲಿಲ್ಲ. ಭಾನುವಾರ ಏಕಾಂತಯ್ಯನವರು ನನ್ನನ್ನು ಮುಂದೆ ಕರೆದು, 'ನನಗೆ ಕಣ್ಣು ತೆರೆಸಿದ ತಾಯಿ ಇವರು, ಇವತ್ತಿನ ಹಾಲು ಇವರ ಕೈಯಿಂದಲೇ ಆಗಲಿ' ಎಂದು ಸ್ವತಃ ಸೌಟು ಕೊಟ್ಟರು. ಹಬ್ಬದ ದಿನವೆಂದು ತಾಯಂದಿರೂ ಮಕ್ಕಳ ಜೊತೆ ಸಾಲಿನಲ್ಲಿದ್ದರು. ನಾನು ಖುಷಿಯಿಂದ ಹಾಕುತ್ತಾ ಹೋದೆ. ಒಂದು ಕೈ ಲೋಟ ಚಾಚಿತು, ಮುಖಕ್ಕೆ ಸೆರಗು ಎಳೆದಿತ್ತು. ಎತ್ತರ ನೋಡಿಯೇ ಪಾಪಮ್ಮ ಎಂದು ಗೊತ್ತಾಯಿತು. ಸೊಂಟದ ಮೇಲೆ ಇಂದ್ರಿ. ಬಾಯಿ ಹುಣ್ಣೆಲ್ಲ ಮಾಗಿದೆ ಕಣೇ, ಕೆನ್ನೆ ಬಂದಿದೆ. ಏಕಾಂತಯ್ಯನವರು ನನ್ನ ಪಕ್ಕದಲ್ಲೇ ಇದ್ದರು. ಅವರಿಗೆ ಗುರುತು ಸಿಗಲಿಲ್ಲ. ಎಲ್ಲ ಮಕ್ಕಳ ತಲೆ ಸವರಿದ ಹಾಗೆ ಅದರ ತಲೆಯನ್ನೂ ಸವರಿದರು. ನಾನು ಸೌಟು ಬೇರೆಯವರ ಕೈಗೆ ಕೊಟ್ಟು ಅವಳ ಹಿಂದೆ ಓಡಿದೆ. ಚಪ್ಪರದ ಹಿಂದೆ ಸಿಕ್ಕಳು. 'ಊರಿಗ್ ಬಾರೇ, ದಿನಾ ಕಡೀತಾ ಇದೀನಿ, ಒಳಗೇ ಬಂದು ಕೂತ್ಕೊ, ನಾನೇ ಕರೀತಾ ಇದೀನಿ' ಎಂದೆ. ಅವಳು ಮೊದಲು ಅತ್ತಿತ್ತ ನೋಡಿದಳು. ಆಮೇಲೆ ನನ್ನ ಕೈಯನ್ನು ತನ್ನ ತೋಳಿನಿಂದ ಮೆಲ್ಲಗೆ ಬಿಡಿಸಿಕೊಂಡು ಹೇಳಿದಳು: 'ಮಗು ಹುಷಾರಾಗೈತೆ, ಆ ಪುಣ್ಯಾತ್ಮರು ತಣ್ಣಗಿರ್ಲಿ. ಕಟ್ಟೆ ಮೇಲ್ ಎತ್ತಿ ತೋರ್ಸಿದ್ ಮಗು ಇದೇ ಅಂತ ಇಲ್ಲಿ ಯಾರ್ಗೂ ಗೊತ್ತಿಲ್ಲ. ಇನ್ನೊಂದ್ ಸಲ ಬಂದಾಗ ನನ್ನ ಕಂಡ್ರೆ ಮಾತಾಡಿಸ್ಬೇಡಿ.' ನಾನು ಹೂಂ ಎಂದು ಬಂದೆ.